ಓದುವುದು ಅನ್ನಿ, ಭಾವ

"ಇತ್ತೀಚೆಗೆ ಯಾವ ಪುಸ್ತಕ ಓದಿದ್ರಿ?" ಎಂದು ಸಾಫ್ಟ್‌ವೇರ್ ಕಂಪನಿಯ ಒಡತಿ ಇಂಟರ್‌ವ್ಯೂನಲ್ಲಿ ಕೇಳಿದಾಗ ಡ್ರೈವರಣ್ಣ ಕುರ್ಚಿಯಲ್ಲೇ ಸರಿದು ಕುಳಿತ.

ಹವ್ಯಾಸ ಕೇಳಿದರೆ ಓದುವುದು ಅನ್ನಬೇಕೆಂದು ನಾದಿನಿ ಹೇಳಿಕೊಟ್ಟಿದ್ದಳು. ಅದರ ಬೆನ್ನಿಗೇ ಇಂಥದೊಂದು ಪ್ರಶ್ನೆ ಬಂದೀತೆಂದು ಅವಳಿಗೂ ಹೊಳೆದಿರಲಿಲ್ಲ, ಇವನಿಗೂ ಹೊಳೆದಿರಲಿಲ್ಲ.

ಪ್ರಾಯವೆಲ್ಲ ಸಿಟಿ ಬಸ್ಸಿನ ಸ್ಟೀರಿಂಗ್ ಹಿಡಿದು ಕಳೆದವನು. ಬಲಗಣ್ಣು ಮಂಜಾಗಿ, ಇನ್ನು ಬಸ್ಸು ಓಡಿಸುವ ಹಾಗಿಲ್ಲವೆಂದು ಡಾಕ್ಟರು ಅಂದ ಮೇಲೆ ಡಿಪೋದವರು ಆಫೀಸಿನ ಮೂಲೆಯಲ್ಲೊಂದು ಕುರ್ಚಿ ಹಾಕಿಕೊಟ್ಟರು. ಅಲ್ಲಿ ಕುಳಿತು ಕುಳಿತು ಬೇಸರವಾಗಿ ಕಂಪ್ಯೂಟರ್ ಮುಟ್ಟಿದ್ದೇ ಶುರು. ಸಂಜೆ ಕ್ಲಾಸಿಗೆ ಸೇರಿ, ಮಗಳ ಓರಗೆಯವರ ನಡುವೆ ಕುಳಿತು ಪ್ರೋಗ್ರಾಮಿಂಗ್ ಕಲಿತ. ಡ್ರೈವರಣ್ಣ ಎಂಬ ಹೆಸರು ಅವರಿಟ್ಟದ್ದು. ಆದರೆ ಕೆಲಸ ಕೇಳಿಕೊಂಡು ಹಿಂದೆ ಹೋದ ಕಂಪನಿಗಳಲ್ಲಿ ಬಸ್ಸಿನ ಸುದ್ದಿ ಎತ್ತಿದ ಕೂಡಲೇ ಮಾತು ಮುಗಿದುಹೋಗುತ್ತಿತ್ತು. ಹಾಗಾಗಿ ಈ ಸಲ ನಾದಿನಿ ಎದುರಿಗೆ ಕೂರಿಸಿಕೊಂಡು ತಾಲೀಮು ಮಾಡಿಸಿದ್ದಳು. ಬಸ್ಸು ಅನ್ನಬಾರದು, ಸಾರಿಗೆ ಕ್ಷೇತ್ರ ಅನ್ನಬೇಕು. ಕಣ್ಣಿನ ವಿಷಯ ಎತ್ತಲೇಬಾರದು.

"ಯಾವುದೂ ಓದಿಲ್ಲ ಮೇಡಂ," ಎಂದ ಅವನು. "ನಾದಿನಿ ಹೇಳಿ ಅಂದ್ಲು, ಹೇಳ್ದೆ."

ಹೋಯಿತು ಎಂದುಕೊಂಡ. ಹೇಗೂ ಹೋದದ್ದೇ ಎಂಬ ಧೈರ್ಯಕ್ಕೆ ಉಳಿದದ್ದನ್ನೂ ಹೇಳಿಬಿಟ್ಟ. ಬಸ್ಸು, ಕಣ್ಣು, ಅರ್ಧಕ್ಕೆ ಬಿಟ್ಟ ಕಾಲೇಜು. ಕೊನೇ ಸ್ಟಾಪಿನಲ್ಲಿ ಹೊತ್ತು ಹೋಗದೆ ಕಲಿತ ಮೌತ್ ಆರ್ಗನ್ನು, ಅದನ್ನೂ ಅಷ್ಟೇನು ಚೆನ್ನಾಗಿ ನುಡಿಸುವುದಿಲ್ಲ ಎಂಬುದು.

ಆಕೆ ಪೆನ್ನು ಕೆಳಗಿಟ್ಟು, ನೀವೇ ಬರೆದ ಪ್ರೋಗ್ರಾಂ ಏನಾದರೂ ಇದೆಯೇ ಎಂದಳು. ಅವನು ಲ್ಯಾಪ್‌ಟಾಪ್ ತೆರೆದು, ಕಣ್ಣಿಗೆ ಸಿಗುವಂತೆ ಅಕ್ಷರ ದೊಡ್ಡದು ಮಾಡಿದ. ಡಿಪೋದ ಡ್ರೈವರುಗಳು ತಮ್ಮ ತಮ್ಮೊಳಗೆ ಪಾಳಿ ಬದಲಾಯಿಸಿಕೊಳ್ಳಲು ಬರೆದದ್ದು. ಆಕೆ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲೇ ಕುಳಿತಳು.

"ಇದು ಯಾವತ್ತಾದ್ರೂ ಕೈ ಕೊಟ್ಟಿತ್ತಾ?"

"ಒಬ್ಬನನ್ನೇ ಒಂದೇ ಹೊತ್ತಿಗೆ ಎರಡು ಬಸ್ಸಿಗೆ ಹಾಕಿಬಿಟ್ಟಿತ್ತು. ಅವನು ಫೋನ್ ಮಾಡಿ, ನಾನೇನು ಎರಡು ಹೋಳಾಗ್ಲಾ ಅಂತ ಕೇಳ್ದ."

ಆಕೆಗೆ ನಗು ತಡೆಯಲಾಗಲಿಲ್ಲ. ಹೇಗೆ ಸರಿಮಾಡಿದಿರಿ ಎಂದು ಕೇಳಿದಳು. ಅವನು ಆ ಸಾಲುಗಳನ್ನು ಬೆರಳಿಟ್ಟು ತೋರಿಸುತ್ತ ಹೋದ. ಆಕೆ ಅಲ್ಲಲ್ಲಿ ತಡೆದು, ಹೀಗೇಕೆ, ಹಾಗೇಕೆ ಎಂದು ಕೆದಕಿದಳು. ಎರಡು ಕಡೆ ಅವನಿಗೆ ಉತ್ತರ ತಿಳಿಯಲಿಲ್ಲ. ತಿಳಿಯದು ಎಂದ. ಮಾತಿನ ಭರದಲ್ಲಿ, ಯಾರೋ ತಂದಿಟ್ಟ ಚಹಾ ತಣ್ಣಗಾಗಿತ್ತು.

"ಕಲಿಯೋದು ಇನ್ನೂ ಬಹಳ ಇದೆ," ಎಂದಳು ಆಕೆ ಏಳುತ್ತ. "ಮೊದಲು ಟ್ರೈನಿಯಾಗಿ ಸೇರ್ಕೊಳ್ಳಿ. ಸೋಮವಾರ ಬರ್ತೀರಾ?"

ಬರುತ್ತೇನೆ ಎಂದನೋ, ತಲೆಯಾಡಿಸಿದನೋ, ಅವನಿಗೆ ನೆನಪಿಲ್ಲ. ಕೆಳಗಿಳಿದು ಹೆಂಡತಿಗೆ ಫೋನ್ ಮಾಡಿದರೆ ಸೋಮವಾರ ಎಂಬ ಒಂದೇ ಮಾತು ಹೊರಬಂತು. ಅವಳಿಗೆ ಅಷ್ಟು ಸಾಕಾಯಿತು. ತಂಗಿಯನ್ನು ಕೂಗಿ ಹೇಳುತ್ತಿದ್ದುದು ಇತ್ತಲಿಂದಲೇ ಕೇಳಿಸಿತು.

ಮನೆಗೆ ಹೋಗುವ ಬಸ್ಸಿನ ಡ್ರೈವರು ಹಳೇ ಜೊತೆಗಾರ. ಮುಂದೆ ಬಾರೋ ಎಂದು ಕರೆದರೂ ಇವನು ಕೈಯಾಡಿಸಿ ಹಿಂದಿನ ಸೀಟಿಗೆ ಹೋಗಿ, ಕಿಟಕಿಗೆ ತಲೆಯೊರಗಿಸಿದ. ಎರಡು ಸ್ಟಾಪು ದಾಟುವಷ್ಟರಲ್ಲಿ ನಿದ್ದೆ ಹತ್ತಿತು. ಜೊತೆಗಾರ ಕನ್ನಡಿಯಲ್ಲೊಮ್ಮೆ ನೋಡಿ, ಮುಂದಿನ ತಿರುವನ್ನು ನಿಧಾನವಾಗಿ ತೆಗೆದುಕೊಂಡ.