ಮೂವತ್ತೆಂಟು ಪದರದ ಬಾಗಿಲು

ಅಕ್ಕ ತಂಗಿ ಮನೆ ಪಾಲು ಮಾಡಿಕೊಂಡು ಮಾತು ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು. ನಡುವಿನ ಬಾಗಿಲಿಗೆ ಇಬ್ಬರೂ ತಮ್ಮ ತಮ್ಮ ಬದಿಯಲ್ಲಿ ವರ್ಷಕ್ಕೊಮ್ಮೆ ಬಣ್ಣ ಬಳಿಸುತ್ತಿದ್ದರು. ಹಳೆಯದನ್ನು ಒಮ್ಮೆಯೂ ಕೆರೆಸಿರಲಿಲ್ಲ. ಈ ಸಲ ಹೇಗಾದರೂ ಮಾತಾಡಿಸಬೇಕೆಂದು ತಂಗಿ ಹೋದಾಗ ಚಿಲಕ ಬಣ್ಣದಲ್ಲಿ ಹೂತುಹೋಗಿತ್ತು. ಪೇಂಟರನ್ನು ಕರೆಸಿದಳು.

ಅವನ ಹೀಟ್ ಗನ್ನಿನ ಬಿಸಿಗಾಳಿಗೆ ಬಣ್ಣ ಗುಳ್ಳೆಯೆದ್ದಿತು. ಕೆರೆದಂತೆಲ್ಲ ಹಸಿರು, ನೀಲಿ, ಮತ್ತೆ ಹಸಿರು ಸುರುಳಿಸುರುಳಿಯಾಗಿ ಉದುರಿದವು. ಹತ್ತೊಂಬತ್ತನೆಯ ಪದರದ ಹಿಂದೆ ಮರವೇ ಇರಲಿಲ್ಲ. ಗೆದ್ದಲು ಎಂದೋ ತಿಂದು ಮುಗಿಸಿತ್ತು. ಗನ್ ಆರಿಸುವಷ್ಟರಲ್ಲಿ ಅಕ್ಕನ ಬದಿಯ ಹತ್ತೊಂಬತ್ತೂ ಮೆತ್ತಗಾಗಿ ಮಡಚಿ ಬಿದ್ದವು.

ಆಚೆ ಅಕ್ಕ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದಳು.

"ಬಾಗಿಲು ತಟ್ಟಬೇಕು ಅಂತ ಗೊತ್ತಾಗಲ್ವಾ?"

"ಬಾಗಿಲೆಲ್ಲಿದೆ ಅಕ್ಕಾ ತಟ್ಟೋಕೆ?"

"ಅದು ನಿನ್ನ ತಲೆನೋವು. ತಟ್ಟದೆ ಬಂದ್ರೆ ನಾನು ಮಾತಾಡಲ್ಲ."

"ನನ್ ಪೆಟ್ಟಿಗೆ ಮರದ್ದೇ ಅಮ್ಮಾ," ಎಂದ ಪೇಂಟರ್. ಸಾಮಾನಿನ ಪೆಟ್ಟಿಗೆಯನ್ನು ಹೊಸ್ತಿಲ ಮೇಲೆ ನೆಟ್ಟಗೆ ಎತ್ತಿ ಹಿಡಿದ. ತಂಗಿ ಕೂದಲು ಸರಿಮಾಡಿಕೊಂಡು ಎರಡು ಸಲ ತಟ್ಟಿದಳು.

"ಯಾರು?" ಅಕ್ಕ ಪೇಪರಿನಿಂದ ತಲೆ ಎತ್ತಲಿಲ್ಲ.

"ನಾನು."

"ನಾನು ಅಂದ್ರೆ?"

"ನಿನ್ನ ತಂಗಿ."

"ಹಾಗೆ ಹೇಳು. ಬಾ ಒಳಗೆ."

ಪೇಂಟರ್ ಪೆಟ್ಟಿಗೆಯನ್ನು ಬಾಗಿಲು ತೆರೆದಂತೆ ಪಕ್ಕಕ್ಕೆ ತಿರುಗಿಸಿದ.