ಬಾಗಿಲು ಕಚ್ತಿದೆ

ನೀರು ಚಿಮುಕಿಸಿ ಇನ್ನೂ ಒಂದು ನಿಮಿಷ ಆಗಿಲ್ಲ, ಆಗಲೇ ಹೀರ್ಕೊಂಡ್ಬಿಡ್ತು ಗೋಡೆ, ಏನು ಬಾಯಾರಿಕೆಯೋ ಇದಕ್ಕೆ, ಇನ್ನೊಂದು ಸಲ ಹೊಡೀಬೇಕು, ಸಂದಿಯೊಳಗೆ ತೇವ ಇಲ್ದಿದ್ರೆ ಫೋಮ್ ಹಿಡಿಯಲ್ಲ, ಹೊರಗೆ ನೋಡೋಕೆ ಉಬ್ಬಿರುತ್ತೆ, ಒಳಗೆ ಟೊಳ್ಳು — ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ, ಕಿಟಕಿ ಸುತ್ತ ಬಾಗಿಲ ಸುತ್ತ ಸಂದಿಗೆ ಫೋಮ್, ಈ ಉಬ್ಬಿ ಗಟ್ಟಿಯಾಗೋ ನೊರೆ, ತುಂಬೋದು, ಕಂಡೋರ ಮನೆಯ ಗಾಳಿ ನಿಲ್ಸೋದು, ಭಾವ ನನಗೆ ನೊರೆ ರಾಣಿ ಅಂತ ಹೆಸರಿಟ್ಟಿದ್ದೇ ಅದಕ್ಕೆ, ಬಂದ್ಲಪ್ಪಾ ನೊರೆ ರಾಣಿ ಅಂತ ಕೂಗೋರು, ಹೊಲಿಗೆ ಮಿಷಿನ್ ನಿಲ್ಸದೇನೇ, ಅಕ್ಕ ಅಡುಗೆಮನೆಯಿಂದ ನಗೋಳು. ಇವತ್ತು ಕೂಗ್ಲಿಲ್ಲ. ಬಾಮ್ಮ, ಅಂದ್ರು ಅಷ್ಟೆ. ನಾನು ಬಾಗಿಲು ತಟ್ಟೋ ಕೆಲಸವೂ ಇರ್ಲಿಲ್ಲ, ಈಗ ಈ ಮನೇಲಿ ಯಾವ ಬಾಗಿಲಿಗೂ ಚಿಲಕ ಹಾಕಲ್ಲ ಭಾವ, ಬಚ್ಚಲಿಗೆ ಹೋದ್ರೂ ಇಲ್ಲ, ಇದ್ದೀನಪ್ಪಾ ಒಳಗೆ ಅನ್ನೋ ಹಾಗೆ ಕೆಮ್ತಾ ಇರ್ತಾರೆ, ಹೋದ ಸಲ ಬಂದಾಗ ಅದನ್ನ ಕೇಳಿ ನಗು ಬಂತು ನನಗೆ, ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ಕೊಂಡೆ.

ಹೊಸ ಚೌಕಟ್ಟು, ಬಡಗಿ ನಿನ್ನೆ ಕೂರಿಸಿ ಹೋಗಿದ್ದಾನೆ, ಗೋಡೆಗೂ ಇದಕ್ಕೂ ಮಧ್ಯೆ ಒಂದು ಬೆರಳು ಸಂದಿ, ಮೆಟ್ಟಿಲ ಕಡೆಯಿಂದ ಗಾಳಿ ಸೂಜಿ ಚುಚ್ಚಿದ ಹಾಗೆ ಬರ್ತಿದೆ, ಮೂರನೇ ಮಹಡಿ ಅಲ್ವಾ. ಹಳೇದನ್ನ ಒಡೆದು ಹನ್ನೊಂದು ತಿಂಗಳು, ಅಲ್ಲಿಂದ ಇಲ್ಲಿವರೆಗೂ ಒಂದು ತಗಡಿನ ಬಾಗಿಲಲ್ಲೇ ಕಳೆದ್ರು, ಚಳಿ ಶುರುವಾದ ಮೇಲೆ ಫೋನ್ ಮಾಡಿದ್ರು, ಹೊಸ ಬಾಗಿಲು ಇಡಿಸ್ತಿದ್ದೀನಿ, ನಿನ್ನ ಬಿಟ್ಟು ಬೇರೆ ಯಾರ ಕೈಲಿ ಫೋಮ್ ಹಾಕಿಸ್ಲಿ ಅಂದ್ರು. ನನ್ನ ಬಿಟ್ಟು. ಬರ್ತೀನಿ ಭಾವ ಅಂದೆ, ಇನ್ನೇನು ಅನ್ನಲಿ, ಆಗಲ್ಲ ಅಂದ್ರೆ ಯಾಕೆ ಅಂತಾರೆ. ಅಡ್ಡಪಟ್ಟಿ ಮೂರು ಕೊಟ್ಟಿದ್ದೀನಿ ಈ ಸಲ, ಮೇಲೊಂದು ನಡುವೆ ಒಂದು ಕೆಳಗೊಂದು, ಚೌಕಟ್ಟಿನ ಈ ಕಡೆಯಿಂದ ಆ ಕಡೆಗೆ ಬಿಗಿಯಾಗಿ, ಫೋಮ್ ಉಬ್ಬಿ ಗಟ್ಟಿಯಾಗೋವರೆಗೂ ಮರ ಒಳಕ್ಕೆ ಬಾಗಬಾರದು, ಓಡಾಡೋರು ಅಲ್ಲಿವರೆಗೂ ಬಗ್ಗಿ ನುಸುಳಬೇಕು, ಬಗ್ಗಲಿ, ಬೆನ್ನೇನು ಮುರಿದು ಹೋಗಲ್ಲ. ಹೋದ ವರ್ಷ ಹಳೇ ಬಾಗಿಲಿಗೆ ಫೋಮ್ ಹಾಕೋಕೆ ಬಂದಾಗ ಅಕ್ಕ ಬಿಡ್ಲಿಲ್ಲ. ನನ್ನ ಸೊಂಟಕ್ಕೆ ಬಗ್ಗೋಕಾಗುತ್ತೇನೇ, ತೆಗಿ ಆ ಕಟ್ಟಿಗೆಗಳನ್ನ, ಅಂದ್ಲು. ಅವಳು ಬಿಡ್ಲಿಲ್ಲ ಅಂತ ನಾನು ತೆಗೆದೆ — ನೋಡು, ಸತ್ತವಳ ಮೇಲೆ ಹಾಕ್ತಿದ್ದೀಯಲ್ಲೇ, ನಾಚಿಕೆ ಆಗಲ್ವಾ ನಿನಗೆ. ಬೇರೆ ಮನೆಯವರು ಅಂದಿದ್ರೆ ತೆಗೀತಿದ್ನಾ, ಎರಡು ಗಂಟೆ ಹೊರಗೆ ಹೋಗಿ ಬನ್ನಿ ಅಂತ ಗದರಿಸಿ ಕಳಿಸ್ತಿದ್ದೆ, ಅಕ್ಕನ ಮನೆ ಅಂದ್ರೆ ಸಲಿಗೆ, ಸಲಿಗೆ ಇದ್ದ ಕಡೇನೇ ಕೆಲಸ ಕೆಡೋದು.

ಡಬ್ಬಿ ಚೆನ್ನಾಗಿ ಅಲ್ಲಾಡಿಸು, ತಲೆಕೆಳಗಾಗಿ ಹಿಡಿ, ಕೆಳಗಿಂದ ಮೇಲಕ್ಕೆ, ಸಂದಿಯ ಅರ್ಧ ಮಾತ್ರ ತುಂಬು, ಉಳಿದರ್ಧ ತಾನೇ ಉಬ್ಬಿ ತುಂಬ್ಕೊಳ್ಳುತ್ತೆ. ನೀಲಿ ಡಬ್ಬಿ ಇದು, ಬಾಗಿಲು ಕಿಟಕಿಗೆ ಅಂತಾನೇ ಬರೋದು, ಮೆತ್ತಗೆ ಉಬ್ಬುತ್ತೆ, ಮರಾನ ನೂಕಲ್ಲ. ಕೆಂಪು ಡಬ್ಬಿ ದೊಡ್ಡ ತೂತಿಗೆ, ಪೈಪ್ ಹೋದ ಕಡೆ, ಗೋಡೆ ಬಿರುಕಿಗೆ, ಅದು ಉಬ್ಬೋಕೆ ಶುರು ಮಾಡಿದ್ರೆ ಎದುರಿಗೆ ಏನಿದ್ರೂ ನೂಕುತ್ತೆ. ನಿನ್ನೆ ಮೊನ್ನೆ ಕಲಿತ ಹುಡುಗೀಗೂ ಗೊತ್ತು ಇದು. ಆವತ್ತು ಒಂದು ಕಡೆ ಮುಗಿಸೋ ಹೊತ್ತಿಗೆ ನೀಲಿ ಡಬ್ಬಿ ಬುಸ್ ಅಂತು, ಖಾಲಿ, ಚೀಲದಲ್ಲಿ ಕೆಂಪದು ಒಂದೇ, ಅಕ್ಕ ತಟ್ಟೆ ಹಾಕಿ ಆಗಿದೆ, ಬಾರೇ ಆರಿ ಹೋಗುತ್ತೆ, ಇದ್ದದ್ರಲ್ಲಿ ಮುಗಿಸು, ಇದೇನು ಅರಮನೆ ಬಾಗಿಲಾ, ಅಂತ ಕೂಗ್ತಿದ್ದಾಳೆ, ನಾನೂ ಸ್ವಲ್ಪ ಹಾಕಿದ್ರೆ ಏನಾಗುತ್ತೆ ಬಿಡು ಅಂದ್ಕೊಂಡೆ, ಚಿಲಕದ ಕಡೆಯ ಸಂದಿಗೆ ಕೆಂಪು ಡಬ್ಬಿ ಹಾಕಿದೆ. ಕೈ ತೊಳ್ಕೊಂಡು ಊಟಕ್ಕೆ ಕೂತೆ. ಅಕ್ಕ ನನ್ನ ಬೆರಳಿಗೆ ಅಂಟಿದ್ದ ಫೋಮ್ ಕೀಳ್ತಾ ಕೂತಿದ್ಲು, ಗ್ಲೌಸ್ ಹಾಕ್ಕೊಳ್ಳೋಕೆ ಏನು ರೋಗ ನಿನಗೆ ಅಂತ ಬೈತಾ. ನಾಳೆ ಬಂದು ನೋಡ್ತೀನಿ ಕಣೇ ಅಂತ ಹೇಳಿ ಹೋದೆ, ನಾಳೆ ಬರ್ಲಿಲ್ಲ.

ಮೂರನೇ ದಿನ ಫೋನ್ ಮಾಡಿದ್ಲು, ನಾನು ಯಾರದೋ ನಾಲ್ಕನೇ ಮಹಡಿ ಕಿಟಕೀಲಿ, ಕಿವಿಗೂ ಭುಜಕ್ಕೂ ಮಧ್ಯೆ ಫೋನ್. ಬಾಗಿಲು ಕಚ್ತಿದೆ ಕಣೇ, ನೀನು ಬಂದು ಹೋದ್ಮೇಲೆ, ಅಂದ್ಲು. ನನಗೆ ಗೊತ್ತಾಯ್ತು. ಆ ಕ್ಷಣವೇ ಗೊತ್ತಾಯ್ತು, ಮರ ಒಳಕ್ಕೆ ಬಾಗಿ ಬಾಗಿಲನ್ನ ಹಿಡ್ಕೊಂಡಿದೆ, ಹೋಗಿ ಫೋಮ್ ಕತ್ತರಿಸಿ ತೆಗೀಬೇಕು, ಅರ್ಧ ದಿನದ ಕೆಲಸ, ಇಲ್ಲಿ ಇನ್ನೂ ಐದು ಕಿಟಕಿ ಬಾಕಿ, ಅದಕ್ಕಿಂತ ಹೆಚ್ಚಾಗಿ ಭಾವ ತಮಾಷೆ ಮಾಡ್ತಾರೆ, ನೊರೆ ರಾಣಿ ಬಾಗಿಲನ್ನೇ ಅಂಟಿಸಿ ಹೋದ್ಲು ಅಂತ ವರ್ಷಗಟ್ಟಲೆ ಆಡ್ಕೊಂಡು ನಗ್ತಾರೆ — ಅಷ್ಟಕ್ಕೆ. ಅಷ್ಟಕ್ಕೇ. ಅದು ಫೋಮ್ ಅಲ್ಲ ಕಣೇ, ಚಿಲಕ, ತುಕ್ಕು ಹಿಡಿದಿದೆ, ಭಾವನ ಕೈಲಿ ಎಣ್ಣೆ ಹಾಕ್ಸು, ಅಲ್ಲಿವರೆಗೂ ಜೋರಾಗಿ ಎಳಿ, ಬರುತ್ತೆ, ಅಂದೆ. ಹೂಂ ಅಂದ್ಲು. ನಾನು ಹೇಳಿದ್ದನ್ನ ಯಾವತ್ತು ಇಲ್ಲ ಅಂದಿದ್ಲು ಅವಳು, ಕೆಲಸದ ವಿಷಯಕ್ಕೆ ನಮ್ಮ ತಂಗಿ ಹೇಳಿದ್ದೇ ಕೊನೆ ಅಂತ ಊರಿಗೆಲ್ಲ ಹೇಳ್ಕೊಂಡು ಬರೋಳು.

ಆಮೇಲೆ ಎಂಟು ದಿನ ಹೇಗೋ ಎಳೆದೆಳೆದು ತೆಗೆದ್ರು, ಎಂಟನೇ ದಿನ ಭಾವ ಹೊಲಿದ ಪರದೆಗಳನ್ನ ಕೊಟ್ಟು ಬರೋಕೆ ಹೋಗಿದ್ರು, ಬೆಳಿಗ್ಗೆ ಹನ್ನೊಂದು ಗಂಟೆ, ಪಕ್ಕದ ಮನೆ ಟೀಚರ್‌ಗೆ ಅಕ್ಕ ಫೋನ್ ಮಾಡಿದ್ದಾಳೆ, ಎದೆ ಹಿಂಡ್ತಿದೆ, ಬನ್ನಿ ಅಂತ. ಟೀಚರ್ ಬಂದು ಹೊರಗಿಂದ ನೂಕ್ತಾರೆ, ಒಳಗಿಂದ ಅಕ್ಕನ ದನಿ, ಬರ್ತಿಲ್ಲ ಟೀಚರ್, ಬಾಗಿಲು ಬರ್ತಿಲ್ಲ — ಎರಡೂ ಕೈಯಲ್ಲಿ ಹಿಡಿಕೆ — ಬೇಡ, ಅದು ಬೇಡ. ಮೇಲಿನ ಮನೆಯವರು, ಕೆಳಗಿನ ಅಂಗಡಿಯವನು, ಎಲ್ಲ ಬಂದು ನೂಕಿ, ಕೊನೆಗೆ ಹಾರೆ ತಂದು ಚೌಕಟ್ಟು ಸೀಳಿ ಒಳಗೆ ಹೋಗೋ ಹೊತ್ತಿಗೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಸಿಕ್ಕಿದ್ರೆ ಏನಾದ್ರೂ ಮಾಡಬಹುದಿತ್ತು ಅಂದ್ರು ಡಾಕ್ಟರು, ಆ ಮಾತು ಆಡ್ಬೇಕಿತ್ತಾ ಅವರು, ಬಾಯಿ ಮುಚ್ಕೊಂಡಿರಬಾರದಿತ್ತಾ. ಭಾವ ಅಲ್ಲೇ ನೆಲಕ್ಕೆ ಕೂತ್ರು. ಚಿಲಕ, ಅಂದ್ರು. ಚಿಲಕ ಹಿಡೀತಿತ್ತು, ಎಣ್ಣೆ ಹಾಕಿ ಅಂತ ದಿನಾ ಬಡ್ಕೊಂಡ್ಲು, ನಾನು ಹಾಕ್ಲಿಲ್ಲ. ನಾನು ಅವರ ಪಕ್ಕದಲ್ಲೇ ನಿಂತಿದ್ದೆ, ಭುಜದ ಮೇಲೆ ಕೈಯಿಟ್ಟಿದ್ದೆ, ಸಮಾಧಾನ ಮಾಡ್ತಿದ್ದೆ.

ಮಾರನೇ ದಿನ ನಾನೇ ಮುಂದೆ ನಿಂತು ಬಾಗಿಲ ಚೂರುಗಳನ್ನ ಗುಡಿಸಿದೆ, ಪಾಪ, ಇಷ್ಟು ದುಃಖದಲ್ಲೂ ಎಷ್ಟು ದುಡೀತಾಳೆ ನೋಡಿ ಅಂದ್ರು ಟೀಚರ್. ಫೋಮ್ ಅಂಟಿದ್ದ ಮರದ ತುಂಡು ಒಂದೂ ಬಿಡದೆ ಮೂಟೆ ಕಟ್ಟಿದೆ. ಮುರಿದ ಬಾಗಿಲನ್ನ ಗೋಡೆಗೆ ಒರಗಿಸಿದಾಗ ನೋಡಿದೆ, ಚಿಲಕ ಹಿಂದಕ್ಕೆ ಸರಿದಿತ್ತು, ಪೂರ್ತಿ, ಕೊನೇವರೆಗೂ. ಎಣ್ಣೆ ಇಲ್ಲದ ಚಿಲಕಾನೇ ಸರಾಗವಾಗಿ ತೆಗೆದಿದ್ಲು ಅಕ್ಕ. ಚಿಲಕ ತೆಗೆದು ಆಮೇಲೆ — ಬೇಡ ಅಂದ್ನಲ್ಲ. ಯಾರೂ ನೋಡಿರ್ಲಿಲ್ಲ, ಬಾಗಿಲನ್ನ ಒಬ್ಬಳೇ ಹೊತ್ಕೊಂಡು ಮೂರು ಮಹಡಿ ಇಳಿದೆ, ಆ ಶಕ್ತಿ ಎಲ್ಲಿಂದ ಬಂತೋ, ಕಳ್ಳರಿಗೆ ಇರುತ್ತಂತೆ ಅಂಥ ಶಕ್ತಿ.

ಈಗ ಭಾವ ಎದುರಿಗೆ ಬಂದು ನಿಂತಿದ್ದಾರೆ, ಅಡ್ಡಪಟ್ಟಿಯ ಆ ಕಡೆ, ಕೈಯಲ್ಲಿ ಮಿಷಿನ್ ಎಣ್ಣೆಯ ಡಬ್ಬಿ, ಹೊಚ್ಚ ಹೊಸ ಚಿಲಕಕ್ಕೆ ಎಣ್ಣೆ ಬಿಡ್ತಿದ್ದಾರೆ, ಎಣ್ಣೆ ಸೋರಿ ಹೊಸ ಮರಕ್ಕೆ ಇಳೀತಿದೆ, ಸಾಕು ಭಾವ ಅಂದೆ. ಎಂಟು ದಿನ ಕಣಮ್ಮ, ಅಂದ್ರು, ಎಣ್ಣೆ ಮನೇಲೇ ಇತ್ತು, ಮಿಷಿನ್ ಪಕ್ಕದಲ್ಲೇ, ಕೈ ಚಾಚಿದ್ರೆ ಸಿಗೋದು, ಎರಡು ಹನಿ, ಎಂಟು ದಿನ ನನ್ನ ಕೈ ಬರ್ಲಿಲ್ಲ ನೋಡು. ಎಷ್ಟು ಇಳಿದು ಹೋಗಿದ್ದಾರೆ, ಬೇರೆಯವರ ಅಳತೆ ತಗೊಳ್ಳೋ ಮನುಷ್ಯ, ಅವರ ಅಂಗಿ ಅವರಿಗೇ ದೊಗಳೆ. ಚಿಲಕ ಅಲ್ಲ ಭಾವ, ಅಂದೆ. ಅಂದೇಬಿಟ್ಟೆ, ದನಿ ನನ್ನದೇ ಅಂತ ನನಗೇ ಅನ್ನಿಸ್ಲಿಲ್ಲ, ಚಿಲಕ ಅಲ್ಲ, ಫೋಮ್, ನಾನು ಬೇರೆ ಡಬ್ಬಿ ಹಾಕಿದ್ದೆ, ಅದು ಉಬ್ಬಿ ಬಾಗಿಲು ಹಿಡ್ಕೊಂಡಿತು, ನನಗೆ ಗೊತ್ತಿತ್ತು, ಗೊತ್ತಿದ್ದೂ ಚಿಲಕ ಅಂತ ಅಕ್ಕನಿಗೆ ಹೇಳಿದ್ದು ನಾನೇ.

ಎಣ್ಣೆ ಡಬ್ಬಿ ಕೆಳಗಿಟ್ರು. ಬೈತಾರೆ ಅಂದ್ಕೊಂಡೆ, ಹೊಡೀಲಿ, ಮೆಟ್ಟಿಲಿಂದ ನೂಕಲಿ, ಈ ಮನೆ ಹೊಸಿಲು ತುಳೀಬೇಡ ಅನ್ನಲಿ, ಆಮೇಲೆ ನನಗೆ ತವರು ಅಂತ ಇದ್ದ ಒಂದು ಮನೇನೂ ಇಲ್ಲ, ಇರದಿದ್ರೆ ಬೇಡ. ಭಾವ ನಕ್ರು. ಹನ್ನೊಂದು ತಿಂಗಳಲ್ಲಿ ಮೊದಲ ಸಲ. ನೀನು ನಿಮ್ಮಕ್ಕನ ತಂಗೀನೇ ಕಣಮ್ಮ, ಅಂದ್ರು, ನಾನು ಯಾರದೋ ಬಟ್ಟೆ ತಪ್ಪು ಕತ್ತರಿಸಿದ್ರೆ ಅವಳು ಮುಂದೆ ಬಂದು, ಅಳತೆ ಬರ್ಕೊಂಡವಳು ನಾನು, ನಂದೇ ತಪ್ಪು ಅನ್ನೋಳು, ಬರ್ಕೊಂಡಿರ್ತಿದ್ದದ್ದು ನಾನೇ, ನೀನೂ ಹಾಗೇ, ನನ್ನ ಭಾರ ನೀನು ಹೊರೋಕೆ ಬರಬೇಡ. ಪಟ್ಟಿಗಳ ಮಧ್ಯೆ ಕೈ ತೂರಿಸಿ ನನ್ನ ತಲೆ ಸವರಿದ್ರು, ಎಣ್ಣೆ ಕೈ. ನಿಜ ಭಾವ, ಅಂದೆ. ಗೊತ್ತು ಬಿಡು, ಅಂದ್ರು. ಒಂದು ಮಾತು ಉಳಿದಿದೆ, ಅದೊಂದು ಹೇಳಿದ್ರೆ ನಂಬ್ತಾರೆ, ಚಿಲಕ ತೆಗೆದಿತ್ತು ಭಾವ, ನಾನು ಕಣ್ಣಾರೆ ನೋಡಿದೆ, ಹೇಳು, ಹೇಳೇ, ಅವರು ಬಚ್ಚಲ ಚಿಲಕ ಹಾಕ್ಕೊಳ್ಳೋ ಹಾಗಾಗಲಿ, ಹೇಳು — ಹೇಳಿದ್ರೆ ಅವರಿಗೂ ಕಾಣುತ್ತೆ, ನನಗೆ ಕಾಣೋದು, ಚಿಲಕ ಸರಿಸಿ ಆಗಿದೆ, ಒಂದು ಕಾಲು ಗೋಡೆಗೆ ಕೊಟ್ಟಿದ್ದಾಳೆ ಅಕ್ಕ, ಎದೆ ಹಿಡ್ಕೊಳ್ಳೋಕೆ ಕೈ ಬಿಡುವಿಲ್ಲ, ಎರಡೂ ಕೈಯಲ್ಲಿ ಹಿಡಿಕೆ, ತಂಗಿ ಹೇಳಿದ ಹಾಗೆ, ಜೋರಾಗಿ, ಎಳೀತಿದ್ದಾಳೆ, ಎರಡೂ ಕೈಯಲ್ಲಿ, ಜೋರಾಗಿ, ಎಳೀತಿದ್ದಾಳೆ