ಗ್ಯಾಸಿನವರು

ಚಪ್ಪಲಿ ಎಲ್ಲಿ ಬಿಡುವುದೆಂದು ತಿಳಿಯದೆ ದೇವದಾಸರು ಇಗರ್ಜಿಯ ಮೆಟ್ಟಿಲ ಬದಿಗೆ ಒಂದು ಕಾಲಿನದನ್ನು ಕಳಚಿಟ್ಟರು. ಆಮೇಲೆ ನೋಡಿದರೆ ಉಳಿದವರೆಲ್ಲ ಹಾಕಿಕೊಂಡೇ ಒಳಗೆ ಹೋಗುತ್ತಿದ್ದಾರೆ. ಕಳಚಿದ್ದನ್ನು ಪುನಃ ಹಾಕುವುದು ಮರ್ಯಾದೆಯಲ್ಲವೆಂದು ಇನ್ನೊಂದನ್ನೂ ಅಲ್ಲೇ ಬಿಟ್ಟರು.

ಕಾರ್ಕಳದಿಂದ ಬಸ್ಸು ಬದಲಾಯಿಸಿಕೊಂಡು ಕಲ್ಯಾಣಪುರಕ್ಕೆ ಬಂದದ್ದು ಒಂದೇ ಕೆಲಸಕ್ಕೆ. ಲಿಗೋರಿಯವರ ಮುಖ ನೋಡಬೇಕಿತ್ತು. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಫೋನಿನಲ್ಲಿ ಮಾತಾಡಿದ ಮನುಷ್ಯ. ಕಪ್ಪೋ ಬಿಳಿಯೋ, ಉದ್ದವೋ ಗಿಡ್ಡವೋ ಗೊತ್ತಿಲ್ಲ. ಶವಪೆಟ್ಟಿಗೆ ಮುಚ್ಚಿದ ಮೇಲೆ ಗೊತ್ತಾಗುವ ದಾರಿಯೂ ಇಲ್ಲ.

ಬಾಗಿಲಲ್ಲಿ ಕಪ್ಪು ಸೀರೆಯ ಹೆಂಗಸೊಬ್ಬರು ನಿಂತಿದ್ದರು. ಲಿಗೋರಿಯವರ ತಮ್ಮನ ಹೆಂಡತಿ ಆನ್ಸಿಲ್ಲಾ.

"ನೀವು ಎಲ್ಲಿಂದ?"

"ಕಾರ್ಕಳ. ನಿನ್ನೆ ಫೋನ್ ಮಾಡಿದಾಗ ನೀವೇ ಎತ್ತಿದ್ದು."

"ಓ, ಗ್ಯಾಸಿನವರಾ?" ಆನ್ಸಿಲ್ಲಾ ಕೈಮುಗಿದರು. "ಪಾಪ, ಬಾವ ನಿಮಗೆ ತುಂಬಾ ಉಪದ್ರ ಕೊಟ್ಟಿರಬೇಕು ಅಲ್ವಾ? ಬೆಳಿಗ್ಗೆ ಚಾ ಕುಡಿದ ಕೂಡಲೇ ಗ್ಯಾಸಿಗೆ ಫೋನು. ಮರೆವಿನ ಕಾಯಿಲೆ ಅಂತ ನಾವು ಎಂತದೂ ಹೇಳ್ಲಿಕ್ಕೆ ಹೋಗ್ಲಿಲ್ಲ. ಮೊಬೈಲಿನಲ್ಲಿ ನೋಡಿದ್ರೆ ಬರೇ ಗ್ಯಾಸ್, ಗ್ಯಾಸ್, ಗ್ಯಾಸ್."

ನನ್ನ ಹೆಸರನ್ನು ಹಾಗೆ ಬರೆದಿಟ್ಟುಕೊಂಡಿದ್ದನೇ ಪುಣ್ಯಾತ್ಮ, ಎಂದು ದೇವದಾಸರಿಗೆ ನಗು ಬಂತು. ಸಾವಿನ ಮನೆಯವರ ಎದುರು ನಗುವ ಹಾಗಿಲ್ಲ. ತಾನು ಸ್ನೇಹಿತ ಎನ್ನೋಣವೆಂದರೆ, ಮುಖವನ್ನೇ ನೋಡದವನು ಎಂಥ ಸ್ನೇಹಿತ ಎಂದು ಕೇಳಿಯಾರು.

"ಉಪದ್ರ ಎಂತ ಇಲ್ಲ ಅಮ್ಮ," ಎಂದಷ್ಟೇ ಹೇಳಿ ಒಳಗೆ ಹೋದರು.

*

ಮೊದಲ ಸಲ ಫೋನ್ ಬಂದಾಗ ಆ ಕಡೆಯ ದಪ್ಪ ಸ್ವರ ಸಿಟ್ಟಿನಲ್ಲಿತ್ತು.

"ಗ್ಯಾಸ್ ಆಫೀಸಾ? ಬುಕ್ ಮಾಡಿ ವಾರ ಆಯ್ತು. ಗ್ಯಾಸ್ ಉಂಟಾ ಇಲ್ವಾ?"

"ಗ್ಯಾಸ್ ಉಂಟು," ಎಂದಿದ್ದರು ದೇವದಾಸರು. "ಆದರೆ ಹೊಟ್ಟೆಯಲ್ಲಿ."

ಆ ಕಡೆ ಕೆಮ್ಮು ಬರುವವರೆಗೆ ನಗು. ಮರುದಿನ ಅದೇ ನಂಬರಿನಿಂದ ಫೋನು: "ಇವತ್ತು ಹೊಟ್ಟೆ ಹೇಗುಂಟು?"

ದೇವದಾಸರು ಕಾರ್ಕಳದ ಟಾಕೀಸಿನಲ್ಲಿ ಟಿಕೇಟು ಹರಿಯುತ್ತಿದ್ದವರು. ಟಾಕೀಸು ಮುಚ್ಚಿತು, ಹೆಂಡತಿ ತೀರಿಕೊಂಡರು. ಈಗ ಅಳಿಯ ಕೀರ್ತನನ ಮನೆಯಲ್ಲಿ. ಅಲ್ಲಿ ಊಟಕ್ಕೆ ಕಡಿಮೆಯಿಲ್ಲ, ಮಾತಿಗೆ ಬರಗಾಲ. ಲಿಗೋರಿಯವರು ಬಹರೈನಿನಲ್ಲಿ ಕ್ರೇನ್ ಓಡಿಸಿದವರು, ಮದುವೆಯಾಗದವರು, ತಮ್ಮನ ಮನೆಯಲ್ಲಿದ್ದವರು. ಇಬ್ಬರಿಗೂ ತುಳು ಚೆನ್ನಾಗಿ ಬರುತ್ತಿತ್ತು. ಆದರೆ ಮಾತು ಶುರುವಾದದ್ದು ಗ್ಯಾಸ್ ಆಫೀಸಿನ ಕನ್ನಡದಲ್ಲಿ. ಕೊನೆಯವರೆಗೂ ಹಾಗೆಯೇ ಉಳಿಯಿತು, ನೀವು-ತಾವು ಎನ್ನುತ್ತ.

*

ಪೂಜೆ ಕೊಂಕಣಿಯಲ್ಲಿ ನಡೆಯಿತು. ಎಲ್ಲರೂ ಎದ್ದಾಗ ದೇವದಾಸರು ಎದ್ದರು, ಕುಳಿತಾಗ ಕುಳಿತರು, ಒಮ್ಮೆ ಎಲ್ಲರೂ ಕುಳಿತ ಮೇಲೂ ನಿಂತೇ ಇದ್ದರು. ಪಕ್ಕದಲ್ಲಿದ್ದವರು ಮೆಲ್ಲನೆ ಅಂಗಿ ಎಳೆದರು.

"ನೀವು ಇವರ ಗುರ್ತದವರಾ?"

"ಹೌದು."

"ನಮ್ಮ ವಾಡೆಯವರೇ, ಮನೆ ಹತ್ತಿರವೇ. ತುಂಬಾ ಮೌನಿ. ಬಾಯಿ ಬಿಟ್ಟದ್ದನ್ನು ನಾನು ನೋಡಲಿಲ್ಲ."

ದೇವದಾಸರು ಅವರ ಮುಖವನ್ನೇ ನೋಡಿದರು.

*

"ಚಂದ್ರನಲ್ಲಿ ನೀರು ಉಂಟಂತೆ ದೇವದಾಸರೇ. ಪೇಪರಿನಲ್ಲಿ ಬಂದಿದೆ."

"ನಮ್ಮ ನಳ್ಳಿಯಲ್ಲಿ ಇಲ್ಲ. ಅಲ್ಲಿಂದಲೇ ಒಂದು ಪೈಪು ಎಳೆಯಲಿಕ್ಕೆ ಹೇಳಿ."

ಹೀಗೆ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಯಾವ ದೇಶದ ಯುದ್ಧ ನಿಂತಿತು, ಯಾವುದು ಶುರುವಾಯಿತು, ಬಂಗುಡೆಗೆ ಯಾಕೆ ಇಷ್ಟು ಕ್ರಯ. ಲಿಗೋರಿಯವರಿಗೆ ಕಾರ್ಕಳದ ಗೊಮ್ಮಟನದ್ದೇ ಚಿಂತೆ. ಕ್ರೇನ್ ಇಲ್ಲದೆ ಅಷ್ಟು ದೊಡ್ಡ ಕಲ್ಲನ್ನು ಗುಡ್ಡೆಗೆ ಹೇಗೆ ಏರಿಸಿದರು? ಎತ್ತರದ ಕ್ಯಾಬಿನ್ನಿನಲ್ಲಿ ಕೂತು, ಬಹರೈನಿನ ಸಮುದ್ರದ ಮೇಲೆ ಬೆಳಗಾಗುವುದನ್ನು ನೋಡಿ ಒಬ್ಬನೇ ಅತ್ತದ್ದುಂಟೆಂದು ಒಮ್ಮೆ ಹೇಳಿದ್ದರು.

"ಯಾಕೆ ಅತ್ತದ್ದು?"

"ಅಷ್ಟು ಚಂದ ಇತ್ತು ಮಾರಾಯ್ರೆ. ತೋರಿಸಲಿಕ್ಕೆ ಪಕ್ಕದಲ್ಲಿ ಜನ ಇಲ್ಲ."

ಭೇಟಿಯ ಮಾತೂ ಬರುತ್ತಿತ್ತು. ಮಳೆ ಬಿಡಲಿ ಎಂದು ಒಬ್ಬರು, ಸೆಕೆ ಕಮ್ಮಿಯಾಗಲಿ ಎಂದು ಇನ್ನೊಬ್ಬರು. ನಿಜ ಹೇಳಬೇಕೆಂದರೆ ಇಬ್ಬರಿಗೂ ಹೆದರಿಕೆ. ಎದುರೆದುರು ಕೂತ ಮೇಲೆ ಮಾತೇ ಬರದಿದ್ದರೆ ಇದ್ದದ್ದೂ ಹೋಗುತ್ತದಲ್ಲ!

*

ಕೊನೆಯ ಸಲ ಮುಖ ನೋಡಲು ಜನ ಸಾಲುಗಟ್ಟಿದರು. ದೇವದಾಸರೂ ಸಾಲಿನಲ್ಲಿ ನಿಂತರು. ಇಷ್ಟು ವರ್ಷ ಅವರು ಮನಸ್ಸಿನಲ್ಲಿ ಇಟ್ಟುಕೊಂಡದ್ದು ದಪ್ಪ ಮೀಸೆಯ, ಅಗಲ ಭುಜದ ಆಳು. ಪೆಟ್ಟಿಗೆಯಲ್ಲಿ ಮಲಗಿದ್ದವರು ಸಣಕಲು. ಮೀಸೆ ಇಲ್ಲ. ಬೆರಳುಗಳ ನಡುವೆ ಜಪಮಾಲೆ.

ದುಃಖ ಬರಲೇ ಇಲ್ಲ. ಯಾರೋ ಒಬ್ಬರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದರೂ ಗುರುತು ಹತ್ತುತ್ತಿರಲಿಲ್ಲ. ಇವರು ಲಿಗೋರಿಯೇ ಹೌದೇ ಎಂದು ಯಾರನ್ನಾದರೂ ಕೇಳೋಣವೆನಿಸಿತು. ಹಿಂದಿನವರು ಕಾಯುತ್ತಿದ್ದರು. ದೇವದಾಸರು ಸರಿದು ನಿಂತರು, ಮುಚ್ಚಳ ಬಂತು. ಬಂದ ಕೆಲಸ ಮುಗಿದಿತ್ತು, ಕೈಯಲ್ಲಿ ಏನೂ ಉಳಿದಿರಲಿಲ್ಲ. ನೋಡಲು ಬರಲೇಬಾರದಿತ್ತು ಎಂದುಕೊಂಡರು.

ಸಿಮಿತ್ರಿಯಲ್ಲಿ ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದ ಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಅವರೂ ಹಾಕಿ ಗೇಟಿನ ಕಡೆ ತಿರುಗಿದರು. ಆಗ ಹಿಂದಿನಿಂದ ಮೈಕಿನಲ್ಲಿ ಲಿಗೋರಿ ಮಾತಾಡಿದರು.

ಅದೇ ದಪ್ಪ ಸ್ವರ. ಮಾತಿನ ಕೊನೆಗೆ ಸ್ವಲ್ಪ ಒಡೆಯುವುದೂ ಅದೇ. ದೇವದಾಸರ ಕಾಲು ಅಲ್ಲೇ ನಿಂತಿತು. ಬಂದವರಿಗೆಲ್ಲ ಕೊಂಕಣಿಯಲ್ಲಿ ವಂದನೆ ಹೇಳುತ್ತಿದ್ದದ್ದು ಲಿಗೋರಿಯವರ ತಮ್ಮ ಎಡ್ವಿನ್. ಒಂದು ಶಬ್ದವೂ ಅರ್ಥವಾಗಲಿಲ್ಲ. ಕಣ್ಣಿನಲ್ಲಿ ನೀರು ತುಂಬಿ ಗೋರಿಗಳೆಲ್ಲ ಕಲಸಿಹೋದವು.

ಜನ ಕರಗಿದ ಮೇಲೆ ಎಡ್ವಿನ್ ಗೇಟಿನ ಹತ್ತಿರ ಬಂದು ಕೈ ಕೊಟ್ಟರು. "ಗ್ಯಾಸಿನವರಲ್ವಾ? ಆನ್ಸಿಲ್ಲಾ ಹೇಳಿದಳು. ಇಷ್ಟು ದೂರ ಬಂದಿರಿ, ಉಪಕಾರ ಆಯ್ತು."

"ಕಾರ್ಕಳಕ್ಕೆ ಹೇಗೆ ಹೋಗುವುದು?" ಎಂದು ಕೇಳಿದರು ದೇವದಾಸರು.

"ಸಂತೆಕಟ್ಟೆಗೆ ಹೋದರೆ ಉಡುಪಿಗೆ ಬಸ್ಸು ಉಂಟು. ಉಡುಪಿಯಲ್ಲಿ ಕಾರ್ಕಳ ಎಕ್ಸ್‌ಪ್ರೆಸ್ ಸಿಗ್ತದೆ."

"ಅದು ಎಲ್ಲಿಂದಾಗಿ ಹೋಗ್ತದೆ?"

"ಮಣಿಪಾಲ, ಪರ್ಕಳ, ಹಿರಿಯಡ್ಕ..." ಎಡ್ವಿನ್ ಅನುಮಾನದಿಂದ ನೋಡಿದರು. "ನೀವು ಬಂದದ್ದು ಹೇಗೆ?"

"ಮರೆತುಹೋಯಿತು. ಇನ್ನೊಮ್ಮೆ ಹೇಳ್ತೀರಾ? ಸ್ವಲ್ಪ ನಿಧಾನಕ್ಕೆ."

ಪ್ರಾಯದವರೆಂದು ಎಡ್ವಿನ್ ಬೇಸರಿಸಲಿಲ್ಲ. ಸಂತೆಕಟ್ಟೆಯಿಂದ ಪುನಃ ಶುರುಮಾಡಿ, ಮಗುವಿಗೆ ಹೇಳಿದ ಹಾಗೆ ಒಂದೊಂದೇ ಊರು ದಾಟಿಸತೊಡಗಿದರು. ರಸ್ತೆಯಲ್ಲಿ ಸಂತೆಕಟ್ಟೆಯದ್ದೇ ಬಸ್ಸೊಂದು ಬಂದು ನಿಂತಿತು; ಕಂಡಕ್ಟರ್ ಇಳಿದು ಇವರ ಕಡೆ ನೋಡಿ ಕೂಗಿದ, ಕಾದ, ಸೀಟಿ ಊದಿದ. ದೇವದಾಸರು ಕಣ್ಣು ಮುಚ್ಚಿಕೊಂಡು, "ಹೂಂ, ಅಲ್ಲಿಂದ ಮುಂದೆ?" ಎನ್ನುತ್ತಿದ್ದರು.